ಒಂದೇ ಕಿವಿಗೆ ದಿಕ್ಕು ತಿಳಿಯದು: ಗುರುತ್ವ ಅಲೆಗಳ ಶೋಧದ ಕಥೆ

2017ರ ಆಗಸ್ಟ್ 17ರ ಸಂಜೆ, ಭಾರತೀಯ ಕಾಲಮಾನ 6 ಗಂಟೆ 11 ನಿಮಿಷದ ಸುಮಾರಿಗೆ, ಭೂಮಿಯ ಒಡಲನ್ನೂ ನಮ್ಮೆಲ್ಲರ ಮೈಯನ್ನೂ ಹಾದು ಒಂದು ಅಲೆ ಸಾಗಿಹೋಯಿತು. ಯಾರಿಗೂ ಅದರ ಅರಿವಾಗಲಿಲ್ಲ. ಅಮೆರಿಕದ ಎರಡು ದೂರದ ಮೂಲೆಗಳಲ್ಲಿರುವ ಲೈಗೊ ವೀಕ್ಷಣಾಲಯಗಳು ಮಾತ್ರ ಅದನ್ನು ಸುಮಾರು 100 ಸೆಕೆಂಡುಗಳ ಕಾಲ ದಾಖಲಿಸಿದವು. ಅಲೆ ಅಡಗಿದ 1.7 ಸೆಕೆಂಡುಗಳ ತರುವಾಯ ನಾಸಾದ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣಗಳ ಮಿಂಚೊಂದು ಗೋಚರಿಸಿತು. ಸುಮಾರು 11 ಗಂಟೆಗಳ ಬಳಿಕ ಚಿಲಿ ದೇಶದ ಲಾಸ್ ಕ್ಯಾಂಪನಾಸ್ ವೀಕ್ಷಣಾಲಯದ ಸ್ವೋಪ್ ದೂರದರ್ಶಕವು, 13 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರಲ್ಲಿ ಹಿಂದೆ ಇಲ್ಲದ ಹೊಸ ಚುಕ್ಕೆಯನ್ನು ಕಂಡಿತು. ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ ಕೊನೆಗೆ ಒಂದಾದ ಸ್ಥಳವದು.

2019ರ ಏಪ್ರಿಲ್ 25ರಂದು ಅಂಥದೇ ಮತ್ತೊಂದು ಜೋಡಿಯ ವಿಲೀನದ ಅಲೆ ಭೂಮಿಯನ್ನು ತಲುಪಿತು. ಅಂದು ಎರಡು ಲೈಗೊ ಕೇಂದ್ರಗಳ ಪೈಕಿ ಒಂದು ಕೆಲಸ ಮಾಡುತ್ತಿರಲಿಲ್ಲ. ಜಗತ್ತಿನ ದೂರದರ್ಶಕಗಳು ರಾತ್ರಿಗಟ್ಟಲೆ ಹುಡುಕಿದರೂ ಆ ಜೋಡಿ ಆಕಾಶದಲ್ಲಿ ಎಲ್ಲಿತ್ತೆಂಬುದು ಖಚಿತವಾಗಲಿಲ್ಲ.

ಈ ಎರಡು ದಿನಗಳ ನಡುವಿನ ಅಂತರವನ್ನು ಅರಿತರೆ ಗುರುತ್ವ ಅಲೆಗಳ ವಿಜ್ಞಾನದ ತಿರುಳೇ ಅರ್ಥವಾದಂತೆ. ಅಲೆಯನ್ನು ಹಿಡಿಯುವುದು ಅರ್ಧ ಕೆಲಸ. ಅದು ಬಂದ ದಿಕ್ಕನ್ನು ತಿಳಿಯುವುದು ಉಳಿದರ್ಧ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಭಾರತವು ಸಾವಿರಾರು ಕೋಟಿ ರೂಪಾಯಿ ವೆಚ್ಚದ ವೀಕ್ಷಣಾಲಯವೊಂದನ್ನು ಕೈಗೆತ್ತಿಕೊಂಡಿರುವುದೂ ಮುಖ್ಯವಾಗಿ ಈ ಉಳಿದರ್ಧಕ್ಕಾಗಿಯೇ.

ಏನಿದು ಅಲೆ?

ಆಲ್ಬರ್ಟ್ ಐನ್‌ಸ್ಟೈನ್ 1915ರಲ್ಲಿ ಮಂಡಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಗುರುತ್ವವೆಂದರೆ ದೇಶಕಾಲದ ಬಾಗು. ಭಾರವಾದ ಕಾಯವು ತನ್ನ ಸುತ್ತಲಿನ ದೇಶಕಾಲವನ್ನು ಬಾಗಿಸುತ್ತದೆ. ಭಾರವಾದ ಎರಡು ಕಾಯಗಳು ಪರಸ್ಪರ ಸುತ್ತತೊಡಗಿದರೆ ಆ ಬಾಗು ಅಲೆಗಳಾಗಿ ಬೆಳಕಿನ ವೇಗದಲ್ಲಿ ಹೊರಕ್ಕೆ ಹರಡುತ್ತದೆ. ಇಂಥ ಅಲೆಗಳಿರಬೇಕೆಂದು ಅವರು 1916ರಲ್ಲಿ ಸೂಚಿಸಿದರು. ಆದರೆ ಅವುಗಳ ಪರಿಣಾಮ ಎಷ್ಟು ಕ್ಷೀಣವೆಂದರೆ, ಅಳೆಯಲು ಸಾಧ್ಯವಾದೀತೆಂದು ಆ ಕಾಲದಲ್ಲಿ ಯಾರೂ ನಂಬುವಂತಿರಲಿಲ್ಲ.

ಭೂಮಿ ಸೂರ್ಯನನ್ನು ಸುತ್ತುವಾಗಲೂ ಗುರುತ್ವ ಅಲೆಗಳು ಹೊಮ್ಮುತ್ತವೆ. ಅವುಗಳ ಶಕ್ತಿ ಲೆಕ್ಕಕ್ಕಿಲ್ಲದಷ್ಟು ಅಲ್ಪ. ಅಳೆಯಬಲ್ಲ ಅಲೆ ಹುಟ್ಟಬೇಕಾದರೆ ಕಾಯಗಳು ಬಹಳ ಭಾರವಾಗಿರಬೇಕು, ಬಹಳ ಕಿರಿದಾಗಿಯೂ ಇರಬೇಕು. ಹಾಗಿದ್ದಾಗ ಮಾತ್ರ ಅವು ಒಂದಕ್ಕೊಂದು ತೀರ ಸಮೀಪಕ್ಕೆ ಬಂದು ಸೆಕೆಂಡಿಗೆ ಹತ್ತಾರು, ನೂರಾರು ಸುತ್ತು ಸುತ್ತಬಲ್ಲವು. ವಿಶ್ವದಲ್ಲಿ ಈ ಷರತ್ತಿಗೆ ಒಳಪಡುವವು ನ್ಯೂಟ್ರಾನ್ ನಕ್ಷತ್ರಗಳು ಮತ್ತು ಕಪ್ಪುಕುಳಿಗಳು. ಎರಡೂ ದೈತ್ಯ ನಕ್ಷತ್ರಗಳು ಸತ್ತ ಮೇಲೆ ಉಳಿಯುವ ಅವಶೇಷಗಳೇ. ನ್ಯೂಟ್ರಾನ್ ನಕ್ಷತ್ರದಲ್ಲಿ ಸೂರ್ಯನಿಗಿಂತ ಹೆಚ್ಚಿನ ದ್ರವ್ಯವು ಬೆಂಗಳೂರು ನಗರದ ಹರಹಿನಷ್ಟೇ, ಅಂದರೆ ಸುಮಾರು 20ರಿಂದ 25 ಕಿಲೋಮೀಟರ್ ವ್ಯಾಸದ ಗೋಳದೊಳಗೆ ಅಡಕವಾಗಿರುತ್ತದೆ. ಅದರ ಒಂದು ಚಮಚ ದ್ರವ್ಯದ ತೂಕ ನೂರು ಕೋಟಿ ಟನ್ನುಗಳಿಗೂ ಮಿಗಿಲು. ಕಪ್ಪುಕುಳಿಯಂತೂ ಬೆಳಕನ್ನೂ ಹೊರಬಿಡದು.

ಅಲೆಗಳಿವೆ ಎಂಬುದಕ್ಕೆ ಮೊದಲ ಪುರಾವೆ ಪರೋಕ್ಷವಾಗಿ ದೊರಕಿತು. 1974ರಲ್ಲಿ ರಸೆಲ್ ಹಲ್ಸ್ ಮತ್ತು ಜೋಸೆಫ್ ಟೇಲರ್ ಅವರು ಅರೆಸಿಬೊ ರೇಡಿಯೊ ದೂರದರ್ಶಕದ ಮೂಲಕ ನ್ಯೂಟ್ರಾನ್ ನಕ್ಷತ್ರಗಳ ಜೋಡಿಯೊಂದನ್ನು ಪತ್ತೆ ಮಾಡಿದರು. ಸುಮಾರು 7 ಮುಕ್ಕಾಲು ಗಂಟೆಗೊಮ್ಮೆ ಸುತ್ತು ಮುಗಿಸುವ ಆ ಜೋಡಿಯ ಕಕ್ಷೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿರುವುದು ಮುಂದಿನ ಅಧ್ಯಯನಗಳಿಂದ ತಿಳಿಯಿತು. ಗುರುತ್ವ ಅಲೆಗಳ ರೂಪದಲ್ಲಿ ಶಕ್ತಿ ಸೋರಿಹೋದರೆ ಕಕ್ಷೆ ಎಷ್ಟು ಕುಗ್ಗಬೇಕೋ ಅಷ್ಟೇ ಕುಗ್ಗುತ್ತಿತ್ತು. ಈ ಜೋಡಿಯ ಶೋಧಕ್ಕಾಗಿ ಇಬ್ಬರಿಗೂ 1993ರ ನೊಬೆಲ್ ಪ್ರಶಸ್ತಿ ಸಂದಿತು.

ಪ್ರೋಟಾನಿಗಿಂತ ಕಿರಿದಾದ ಅಳತೆ

ನೇರವಾಗಿ ಅಲೆಯನ್ನು ಹಿಡಿಯುವ ಯಂತ್ರ ಕೆಲಸ ಮಾಡುವ ಬಗೆ ಹೀಗಿದೆ. ಗುರುತ್ವ ಅಲೆ ಹಾದುಹೋಗುವಾಗ ಒಂದು ದಿಕ್ಕಿನಲ್ಲಿ ಅವಕಾಶ ಹಿಗ್ಗುತ್ತದೆ. ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಕುಗ್ಗುತ್ತದೆ. ಮರುಕ್ಷಣ ಇದು ತಿರುಗುಮುರುಗಾಗುತ್ತದೆ. ಆದ್ದರಿಂದ ಲಂಬಕೋನದಲ್ಲಿ ಎರಡು ಉದ್ದನೆಯ ತೋಳುಗಳನ್ನು ಕಟ್ಟಿ, ಅವುಗಳ ಉದ್ದದ ವ್ಯತ್ಯಾಸವನ್ನು ಗಮನಿಸುತ್ತಿದ್ದರಾಯಿತು.

ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್ ಮತ್ತು ಲೂಸಿಯಾನಾ ರಾಜ್ಯದ ಲಿವಿಂಗ್‌ಸ್ಟನ್‌ನಲ್ಲಿರುವ ಲೈಗೊ ಕೇಂದ್ರಗಳ ಪ್ರತಿ ತೋಳಿನ ಉದ್ದ 4 ಕಿಲೋಮೀಟರ್. ಇಟಲಿಯ ಪೀಸಾ ನಗರದ ಬಳಿಯ ವರ್ಗೊ ಮತ್ತು ಜಪಾನಿನ ಕಾಮಿಯೊಕಾದಲ್ಲಿ ನೆಲದಡಿ ಕಟ್ಟಿರುವ ಕಾಗ್ರಾ ಕೇಂದ್ರಗಳ ತೋಳುಗಳು ತಲಾ 3 ಕಿಲೋಮೀಟರ್ ಉದ್ದವಿವೆ. ಒಂದೇ ಲೇಸರ್ ಕಿರಣವನ್ನು ಎರಡಾಗಿ ಸೀಳಿ ಎರಡೂ ತೋಳುಗಳಿಗೆ ಕಳುಹಿಸಲಾಗುತ್ತದೆ. ಗಾಳಿಯನ್ನು ತೆಗೆದುಹಾಕಿದ ಕೊಳವೆಯೊಳಗೆ ಬೆಳಕು ಕನ್ನಡಿಗಳ ನಡುವೆ ನೂರಾರು ಬಾರಿ ಓಡಾಡಿ ಹಿಂದಿರುಗುತ್ತದೆ. ಎರಡು ಕಿರಣಗಳು ಮತ್ತೆ ಕೂಡಿದಾಗ ಒಂದು ಇನ್ನೊಂದನ್ನು ಅಳಿಸಿ ಕತ್ತಲಾಗುವಂತೆ ಯಂತ್ರವನ್ನು ಹೊಂದಿಸಿರುತ್ತಾರೆ. ತೋಳುಗಳ ಉದ್ದದಲ್ಲಿ ಲವಲೇಶ ವ್ಯತ್ಯಾಸವಾದರೂ ಆ ಕತ್ತಲಲ್ಲಿ ಒಂದಿಷ್ಟು ಬೆಳಕು ಜಿನುಗುತ್ತದೆ. ಅಳೆಯುವುದು ಈ ಜಿನುಗನ್ನು.

2015ರಲ್ಲಿ ದೊರೆತ ಮೊದಲ ಅಲೆ 4 ಕಿಲೋಮೀಟರ್ ತೋಳಿನಲ್ಲಿ ಉಂಟುಮಾಡಿದ ವ್ಯತ್ಯಾಸ ಪ್ರೋಟಾನಿನ ವ್ಯಾಸದ ಸುಮಾರು 400ರಲ್ಲಿ ಒಂದು ಪಾಲು. ಇಷ್ಟು ಸೂಕ್ಷ್ಮದಲ್ಲಿ ಜಗತ್ತೆಲ್ಲವೂ ಗದ್ದಲವೇ. ದೂರದ ಹೆದ್ದಾರಿಯ ಲಾರಿ, ಕರಾವಳಿಗೆ ಬಡಿಯುವ ಕಡಲು, ಕನ್ನಡಿಯ ಅಣುಗಳ ಶಾಖದ ಕಂಪನ ಎಲ್ಲವೂ ಯಂತ್ರವನ್ನು ಕಾಡುತ್ತವೆ. ಇದಕ್ಕಾಗಿ ತಲಾ 40 ಕಿಲೋಗ್ರಾಂ ತೂಕದ ಕನ್ನಡಿಗಳನ್ನು ನಾಲ್ಕು ಹಂತದ ಲೋಲಕದಲ್ಲಿ, ಗಾಜಿನ ಎಳೆಗಳಿಂದ ತೂಗುಹಾಕಿದ್ದಾರೆ.

ಗದ್ದಲದ ನಡುವೆ ದನಿ

ಯಂತ್ರ ಎಷ್ಟೇ ನಾಜೂಕಾಗಿದ್ದರೂ ಗದ್ದಲ ಪೂರ್ತಿ ಅಳಿಯದು. ಸಂತೆಯಲ್ಲಿ ಪರಿಚಿತರ ದನಿಯನ್ನು ಗುರುತಿಸಬಲ್ಲೆವು, ಏಕೆಂದರೆ ಆ ದನಿಯ ಗುಣ ನಮಗೆ ಮೊದಲೇ ಗೊತ್ತು. ಇಲ್ಲಿಯೂ ಉಪಾಯ ಅದೇ. ಸುತ್ತುವ ಜೋಡಿ ಸಮೀಪಿಸಿದಂತೆಲ್ಲ ಅಲೆಯ ಆವರ್ತನ ಏರುತ್ತದೆ, ಬಲವೂ ಹೆಚ್ಚುತ್ತದೆ. ಆ ಏರಿಕೆಯ ವೇಗವನ್ನು ಕಾಯಗಳ ತೂಕ ನಿರ್ಧರಿಸುತ್ತದೆ. ಪ್ರತಿಯೊಂದು ತೂಕದ ಜೋಡಿಗೂ ಅಲೆಯ ರೂಪ ಹೇಗಿರಬೇಕೆಂದು ಮೊದಲೇ ಗಣಿಸಿಟ್ಟುಕೊಂಡು, ಬಂದ ದತ್ತಾಂಶದೊಡನೆ ಒಂದೊಂದಾಗಿ ತಾಳೆ ನೋಡುತ್ತಾರೆ.

ಈ ಗಣಿತದಲ್ಲಿ ಭಾರತೀಯರ ಪಾಲು ದೊಡ್ಡದು. ಬಿ.ಎಸ್. ಸತ್ಯಪ್ರಕಾಶ್ ಮತ್ತು ಸಂಜೀವ್ ಧುರಂಧರ್ ಅವರು ಇಂಥ ತಾಳೆ ನೋಡುವ ವಿಧಾನದ ಬಗ್ಗೆ 1991ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಬುನಾದಿ ಕೃತಿಗಳಲ್ಲೊಂದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಅವರು 1990ರ ದಶಕದಿಂದ ಫ್ರಾನ್ಸಿನ ಸಹೋದ್ಯೋಗಿಗಳೊಡನೆ ಸೇರಿ ಅಲೆಯ ರೂಪವನ್ನು ಹೆಚ್ಚು ಹೆಚ್ಚು ನಿಖರವಾಗಿ ಗಣಿಸಿಕೊಟ್ಟರು.

ಎರಡನೆಯ ಎಚ್ಚರಿಕೆಯೆಂದರೆ ಒಂದೇ ಕೇಂದ್ರದ ಸಾಕ್ಷ್ಯವನ್ನು ಸುಲಭವಾಗಿ ಒಪ್ಪದಿರುವುದು. 1969ರಲ್ಲಿ ಜೋಸೆಫ್ ವೆಬರ್ ಅವರು ಅಲ್ಯೂಮಿನಿಯಂ ಕಂಬಗಳ ನೆರವಿನಿಂದ ಅಲೆಗಳನ್ನು ಹಿಡಿದಿರುವುದಾಗಿ ಸಾರಿದ್ದರು. ಬೇರೆ ಪ್ರಯೋಗಶಾಲೆಗಳಿಗೆ ಅದು ಮರುಕಳಿಸಲಿಲ್ಲ. ಆ ಪಾಠವನ್ನು ಲೈಗೊ ಮರೆಯಲಿಲ್ಲ. ಸುಮಾರು 3,000 ಕಿಲೋಮೀಟರ್ ಅಂತರದ ಎರಡು ಕೇಂದ್ರಗಳಲ್ಲಿ ಒಂದೇ ರೂಪದ ಅಲೆ, ಬೆಳಕು ಆ ದೂರ ಕ್ರಮಿಸಲು ಬೇಕಾಗುವ 10 ಮಿಲಿಸೆಕೆಂಡಿನೊಳಗೆ ಕಾಣಿಸಿಕೊಂಡರೆ ಮಾತ್ರ ಅದಕ್ಕೆ ಬೆಲೆ. 2010ರಲ್ಲಿ ಸಂಸ್ಥೆಯೇ ಗುಟ್ಟಾಗಿ ಸುಳ್ಳು ಅಲೆಯೊಂದನ್ನು ದತ್ತಾಂಶಕ್ಕೆ ಸೇರಿಸಿ ತನ್ನ ವಿಜ್ಞಾನಿಗಳನ್ನು ಪರೀಕ್ಷಿಸಿದ್ದೂ ಉಂಟು. ಅವರು ಅದನ್ನು ಪತ್ತೆ ಮಾಡಿ ಪ್ರಬಂಧವನ್ನೂ ಸಿದ್ಧಪಡಿಸಿದ ಮೇಲೆ ನಿಜ ತಿಳಿಸಲಾಯಿತು.

ನಿಜವಾದ ಅಲೆ ದೊರೆತದ್ದು 2015ರ ಸೆಪ್ಟೆಂಬರ್ 14ರಂದು. ಲಿವಿಂಗ್‌ಸ್ಟನ್‌ಗೆ ಮೊದಲು, 7 ಮಿಲಿಸೆಕೆಂಡಿನ ಬಳಿಕ ಹ್ಯಾನ್‌ಫರ್ಡ್‌ಗೆ ಅದು ತಲುಪಿತು. ಸೂರ್ಯನ 36 ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದಾಗಿದ್ದವು. ಉಳಿದ ಕಪ್ಪುಕುಳಿಯ ತೂಕ 62 ಸೂರ್ಯರಷ್ಟು. ಲೆಕ್ಕಕ್ಕೆ ಸಿಗದ 3 ಸೂರ್ಯರಷ್ಟು ದ್ರವ್ಯ ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಅಲೆಗಳ ಶಕ್ತಿಯಾಗಿ ಹರಿದುಹೋಗಿತ್ತು. 2016ರ ಫೆಬ್ರುವರಿ 11ರಂದು ಈ ಶೋಧವನ್ನು ಪ್ರಕಟಿಸಲಾಯಿತು. ರೈನರ್ ವೈಸ್, ಬ್ಯಾರಿ ಬ್ಯಾರಿಶ್ ಮತ್ತು ಕಿಪ್ ಥಾರ್ನ್ ಅವರಿಗೆ 2017ರ ಭೌತವಿಜ್ಞಾನ ನೊಬೆಲ್ ಲಭಿಸಿತು.

ದಿಕ್ಕು ತಿಳಿಯುವ ಬಗೆ

ದೂರದರ್ಶಕವನ್ನು ಬೇಕಾದ ಕಡೆಗೆ ತಿರುಗಿಸಬಹುದು. ಗುರುತ್ವ ಅಲೆಯ ಯಂತ್ರವನ್ನು ತಿರುಗಿಸಲಾಗದು. ಕಿವಿಯಂತೆ ಅದು ಬಹುತೇಕ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತದೆ. ಕಣ್ಣು ಮುಚ್ಚಿ ಕುಳಿತವರೂ ಬಸ್ಸು ಎಡದಿಂದ ಬಂತೋ ಬಲದಿಂದಲೋ ಎಂದು ಹೇಳಬಲ್ಲರು. ದನಿ ಒಂದು ಕಿವಿಗೆ ತುಸು ಮೊದಲು, ಇನ್ನೊಂದಕ್ಕೆ ತುಸು ತಡವಾಗಿ ತಲುಪುವುದೇ ಇದಕ್ಕೆ ಒಂದು ಕಾರಣ. ಅದೇ ರೀತಿ ಎರಡು ಕೇಂದ್ರಗಳಿಗೆ ಅಲೆ ತಲುಪಿದ ಸಮಯದ ವ್ಯತ್ಯಾಸ ತಿಳಿದರೆ ಆಕಾಶದಲ್ಲಿ ಒಂದು ಉಂಗುರ ಎಳೆಯಬಹುದು. ಮೂಲ ಆ ಉಂಗುರದ ಮೇಲೆ ಎಲ್ಲೋ ಇದೆ. ಮೂರನೆಯ ಕೇಂದ್ರವಿದ್ದರೆ ಇನ್ನೂ ಉಂಗುರಗಳು ದೊರೆತು, ಅವು ಒಂದನ್ನೊಂದು ಛೇದಿಸುವ ಸ್ಥಳಕ್ಕೆ ಹುಡುಕಾಟ ಸೀಮಿತವಾಗುತ್ತದೆ. ಕೇಂದ್ರಗಳು ಪರಸ್ಪರ ದೂರವಿದ್ದಷ್ಟೂ ದಿಕ್ಕು ನಿಖರ.

2015ರ ಅಲೆಯ ಮೂಲವನ್ನು ಮೊದಲ ಲೆಕ್ಕದಲ್ಲಿ ಸುಮಾರು 600 ಚದರ ಡಿಗ್ರಿಗಿಂತ ಕಿರಿದುಗೊಳಿಸಲಾಗಲಿಲ್ಲ. ಹುಣ್ಣಿಮೆಯ ಚಂದ್ರಬಿಂಬ ಆಕಾಶದಲ್ಲಿ ಆವರಿಸುವುದು ಕೇವಲ 0.2 ಚದರ ಡಿಗ್ರಿ ಎಂದರೆ ಆ ಹರಹು ಎಷ್ಟೆಂಬುದು ತಿಳಿದೀತು.

2017ರ ಆಗಸ್ಟ್ 1ರಂದು ವರ್ಗೊ ಲೈಗೊವನ್ನು ಕೂಡಿಕೊಂಡಿತು. ಹದಿನಾರು ದಿನಗಳ ನಂತರ ನ್ಯೂಟ್ರಾನ್ ನಕ್ಷತ್ರಗಳ ಅಲೆ ಬಂದಿತು. ಲಿವಿಂಗ್‌ಸ್ಟನ್ ದತ್ತಾಂಶದಲ್ಲಿ ವಿಲೀನಕ್ಕೆ ಒಂದು ಸೆಕೆಂಡು ಮುಂಚೆ ಯಂತ್ರದ ಗದ್ದಲವೊಂದು ನುಸುಳಿದ್ದರಿಂದ ಸ್ವಯಂಚಾಲಿತ ಎಚ್ಚರಿಕೆ ಹ್ಯಾನ್‌ಫರ್ಡ್‌ನಿಂದ ಮಾತ್ರ ಬಂದಿತ್ತು. ವಿಜ್ಞಾನಿಗಳು ಅದನ್ನು ಬದಿಗೆ ಸರಿಸಿ ನೋಡಿದಾಗ ಲಿವಿಂಗ್‌ಸ್ಟನ್‌ನಲ್ಲೂ ಅಲೆ ಸ್ಪಷ್ಟವಾಗಿತ್ತು. ವರ್ಗೊದಲ್ಲಿ ಮಾತ್ರ ಅದು ಕಂಡೂ ಕಾಣದಷ್ಟು ಕ್ಷೀಣ. ಆ ಕ್ಷೀಣತೆಯೇ ಸುಳಿವಾಯಿತು. ಪ್ರತಿ ಯಂತ್ರಕ್ಕೂ ಆಕಾಶದಲ್ಲಿ ಕೆಲವು ಕುರುಡು ಮೂಲೆಗಳಿರುತ್ತವೆ. ವರ್ಗೊಗೆ ಕೇಳಿಸಲಿಲ್ಲವೆಂದರೆ ಮೂಲ ಅಂಥ ಮೂಲೆಯ ಬಳಿಯೇ ಇರಬೇಕು. ಲೈಗೊದ ಎರಡು ಕೇಂದ್ರಗಳಿಂದ ತಿಳಿದ 190 ಚದರ ಡಿಗ್ರಿಯ ಹರಹು ವರ್ಗೊ ಸೇರಿದೊಡನೆ ಸುಮಾರು 30 ಚದರ ಡಿಗ್ರಿಗೆ ಇಳಿಯಿತು. ಚಿಲಿಯಲ್ಲಿ ಕತ್ತಲಾಗುತ್ತಲೇ ಖಗೋಳಜ್ಞರು ಆ ಪ್ರದೇಶದ ಗೆಲಾಕ್ಸಿಗಳನ್ನು ಒಂದೊಂದಾಗಿ ಪರಿಶೀಲಿಸಿ, ಹೈಡ್ರಾ ನಕ್ಷತ್ರಪುಂಜದ ಎನ್‌ಜಿಸಿ 4993 ಗೆಲಾಕ್ಸಿಯಲ್ಲಿ ಹೊಸ ಬೆಳಕನ್ನು ಕಂಡರು.

ಸಿಕ್ಕ ಫಲ

ಸುಮಾರು 70 ವೀಕ್ಷಣಾಲಯಗಳು ಆ ಚುಕ್ಕೆಯತ್ತ ತಿರುಗಿದವು. ಪುಣೆಯ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕವೂ ಅವುಗಳಲ್ಲಿತ್ತು. ಮೊದಲು ನೀಲಿಯಾಗಿದ್ದ ಬೆಳಕು ಕೆಲವೇ ದಿನಗಳಲ್ಲಿ ಕೆಂಪಾಗಿ ಮಂಕಾಯಿತು. ಚಿನ್ನ, ಪ್ಲಾಟಿನಂನಂಥ ಭಾರಧಾತುಗಳು ಹೊಸದಾಗಿ ಹುಟ್ಟಿ ವಿಕಿರಣ ಸೂಸುತ್ತ ತಣ್ಣಗಾಗುವಾಗ ಬೆಳಕು ಹೇಗಿರಬೇಕೆಂದು ಸಿದ್ಧಾಂತಿಗಳು ಹೇಳಿದ್ದರೋ ಅದು ಹಾಗೆಯೇ ಇತ್ತು. ಅದೇ ಬೆಳಕಿನಲ್ಲಿ ಸ್ಟ್ರಾನ್ಷಿಯಂ ಧಾತುವಿನ ಗುರುತನ್ನು 2019ರಲ್ಲಿ ಪ್ರಕಟಿಸಲಾಯಿತು. ನಮ್ಮ ಮನೆಗಳ ಚಿನ್ನದ ಒಂದು ಪಾಲಾದರೂ ಇಂಥ ಡಿಕ್ಕಿಗಳಲ್ಲಿ ಹುಟ್ಟಿದ್ದೆಂದು ಇಂದು ಧೈರ್ಯವಾಗಿ ಹೇಳಬಹುದು.

13 ಕೋಟಿ ವರ್ಷ ಪಯಣಿಸಿದ ಅಲೆ ಮತ್ತು ಗಾಮಾ ಕಿರಣಗಳು 1.7 ಸೆಕೆಂಡಿನ ಅಂತರದಲ್ಲಿ ತಲುಪಿದ್ದರಿಂದ ಗುರುತ್ವದ ವೇಗವೂ ಬೆಳಕಿನ ವೇಗವೂ ಒಂದೇ ಎಂಬುದು ಅತಿ ನಿಖರವಾಗಿ ದೃಢಪಟ್ಟಿತು.

ಇನ್ನೊಂದು ಫಲ ವಿಶ್ವದ ವಿಸ್ತರಣೆಗೆ ಸಂಬಂಧಿಸಿದ್ದು. ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂಬ ಪ್ರಶ್ನೆಗೆ ಎರಡು ಪ್ರಮುಖ ವಿಧಾನಗಳು ಪರಸ್ಪರ ಹೊಂದದ ಉತ್ತರ ಕೊಡುತ್ತಿವೆ. ಗುರುತ್ವ ಅಲೆ ಮೂರನೆಯ ಸಾಕ್ಷಿಯಾಗಬಲ್ಲದು. ಅಲೆಯ ರೂಪದಿಂದ ಮೂಲದ ದೂರವನ್ನು ನೇರವಾಗಿ ಗಣಿಸಬಹುದು. ಗೆಲಾಕ್ಸಿಯ ಬೆಳಕಿನಿಂದ ಅದು ದೂರ ಸರಿಯುವ ವೇಗ ತಿಳಿಯುತ್ತದೆ. 2017ರ ಘಟನೆಯಿಂದ ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ ಸುಮಾರು 70 ಕಿಲೋಮೀಟರ್ ಎಂಬ ಉತ್ತರ ಬಂದಿತು. ಆದರೆ ಅದರ ದೋಷದ ಅಂತರ ದೊಡ್ಡದಾಗಿದ್ದುದರಿಂದ ವಿವಾದ ಬಗೆಹರಿಯಲಿಲ್ಲ. ಅಂಥ ಹತ್ತಾರು ಘಟನೆಗಳು ಬೇಕು. ಪ್ರತಿಯೊಂದರಲ್ಲೂ ಗೆಲಾಕ್ಸಿ ಯಾವುದೆಂದು ಗೊತ್ತಾಗಬೇಕು.

ಕಿವಿ ಮುಚ್ಚಿದ್ದ ದಿನಗಳು

ಹಾಗೆ ಗೊತ್ತಾಗುವುದು ಎಷ್ಟು ಕಷ್ಟವೆಂಬುದನ್ನು ನಂತರದ ವರ್ಷಗಳು ತೋರಿಸಿದವು. 2019ರ ಏಪ್ರಿಲ್ 25ರ ಅಲೆ ಬಂದಾಗ ಹ್ಯಾನ್‌ಫರ್ಡ್ ಕೇಂದ್ರ ಸ್ತಬ್ಧವಾಗಿತ್ತು. ಮೂಲವಿರಬಹುದಾದ ಹರಹು 8,000 ಚದರ ಡಿಗ್ರಿಗೂ ಹೆಚ್ಚು. ಅಂದರೆ ಇಡೀ ಆಕಾಶದ ಐದನೆಯ ಒಂದು ಭಾಗ.

2020ರ ಜನವರಿ 5 ಮತ್ತು 15ರಂದು, ಕಪ್ಪುಕುಳಿ ನ್ಯೂಟ್ರಾನ್ ನಕ್ಷತ್ರವನ್ನು ನುಂಗಿದ ಎರಡು ಘಟನೆಗಳ ಅಲೆಗಳು ದೊರೆತವು. ಒಂದು ಸುಮಾರು 90 ಕೋಟಿ, ಇನ್ನೊಂದು ಸುಮಾರು 100 ಕೋಟಿ ಜ್ಯೋತಿರ್ವರ್ಷ ದೂರದ್ದು. ಮೊದಲನೆಯದು ಬಂದಾಗಲೂ ಹ್ಯಾನ್‌ಫರ್ಡ್ ಕೆಲಸದಲ್ಲಿರಲಿಲ್ಲ. 2023ರ ಮೇ 29ರಂದು ಸೂರ್ಯನ ಸುಮಾರು 3.6 ಪಟ್ಟು ತೂಕದ ಕಾಯವೊಂದು ನ್ಯೂಟ್ರಾನ್ ನಕ್ಷತ್ರವೆಂದು ತೋರುವ ಕಾಯದೊಡನೆ ಒಂದಾಯಿತು. ಅತಿ ಭಾರದ ನ್ಯೂಟ್ರಾನ್ ನಕ್ಷತ್ರಕ್ಕೂ ಅತಿ ಹಗುರ ಕಪ್ಪುಕುಳಿಗೂ ನಡುವೆ ಬಹುತೇಕ ಖಾಲಿ ಎಂದುಕೊಂಡಿದ್ದ ತೂಕದ ಅಂತರದಲ್ಲಿ ಆ ಕಾಯವಿತ್ತು. ಇಂಥ ಅಪರೂಪದ ಅಲೆ ದಾಖಲಾದದ್ದು ಲಿವಿಂಗ್‌ಸ್ಟನ್ ಒಂದರಲ್ಲೇ; ದಿಕ್ಕನ್ನು ಕಿರಿದುಗೊಳಿಸುವುದು ಸಾಧ್ಯವಾಗಲಿಲ್ಲ.

ಈ ಯಾವ ಘಟನೆಯಲ್ಲೂ ಬೆಳಕು ದೊರೆಯಲಿಲ್ಲ. ಕಪ್ಪುಕುಳಿಯು ನ್ಯೂಟ್ರಾನ್ ನಕ್ಷತ್ರವನ್ನು ಹರಿಯದೆ ಇಡಿಯಾಗಿ ನುಂಗಿದ್ದರೆ ಬೆಳಕು ಹೊಮ್ಮುವುದೇ ಇಲ್ಲ. ಚೂರಾಗಿಸಿ ನುಂಗಿದ್ದರೆ ಹೊಮ್ಮಬೇಕು. ಬೆಳಕು ಹುಟ್ಟಲೇ ಇಲ್ಲವೋ, ಹುಟ್ಟಿದ್ದನ್ನು ನಾವು ನೋಡಲಿಲ್ಲವೋ ಎಂಬುದನ್ನು ದಿಕ್ಕು ತಿಳಿಯದೆ ತೀರ್ಮಾನಿಸುವಂತಿಲ್ಲ. 2025ರ ಹೊತ್ತಿಗೆ ಸುಮಾರು 300 ವಿಲೀನಗಳ ಅಲೆಗಳು ದೊರೆತಿದ್ದವು; ಬಹುಪಾಲು ಕಪ್ಪುಕುಳಿಗಳವು. ಅಲೆಯೂ ಬೆಳಕೂ ನಿಸ್ಸಂಶಯವಾಗಿ ಒಟ್ಟಿಗೆ ದೊರೆತದ್ದು ಮಾತ್ರ 2017ರ ಆ ಒಂದೇ ಘಟನೆಯಲ್ಲಿ.

ಬೆಂಗಳೂರಿನಲ್ಲಿ ಹುಟ್ಟಿದವರ ಲೆಕ್ಕ

ದಿಕ್ಕು ತಿಳಿಯದಿದ್ದರೂ ಸ್ಪಷ್ಟವಾದ ಅಲೆ ಬಹಳಷ್ಟನ್ನು ಹೇಳಬಲ್ಲದು. ಕಪ್ಪುಕುಳಿಗಳು ಒಂದಾದ ಮರುಕ್ಷಣ, ಹೊಡೆದ ಗಂಟೆಯ ನಾದ ಅಡಗುವಂತೆ ಹೊಸ ಕಪ್ಪುಕುಳಿಯ ಕಂಪನ ಅಡಗುತ್ತದೆ. ಈ ಅಡಗುವ ನಾದವನ್ನು 1970ರಲ್ಲಿ ಮೊದಲಿಗೆ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನಲ್ಲಿ ಜನಿಸಿದ ಸಿ.ವಿ. ವಿಶ್ವೇಶ್ವರ. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸಂಸ್ಥಾಪಕ ನಿರ್ದೇಶಕರಾದರು. ತಮ್ಮ ಲೆಕ್ಕ ನಿಜವಾದ ಅಲೆಯಲ್ಲಿ ಕಾಣಿಸಿಕೊಂಡುದನ್ನು ನೋಡಿದ ಬಳಿಕ, 2017ರ ಜನವರಿಯಲ್ಲಿ ನಿಧನರಾದರು. 2025ರ ಜನವರಿ 14ರಂದು ದೊರೆತ ಅತಿ ಸ್ಪಷ್ಟ ಅಲೆಯಲ್ಲಿ ಈ ನಾದದ ಒಂದಕ್ಕಿಂತ ಹೆಚ್ಚು ಸ್ವರಗಳನ್ನು ಬೇರ್ಪಡಿಸಲಾಯಿತು. ಕಪ್ಪುಕುಳಿಯ ಮೇಲ್ಮೈ ವಿಸ್ತೀರ್ಣ ಎಂದೂ ಕುಗ್ಗದೆಂಬ ಸ್ಟೀಫನ್ ಹಾಕಿಂಗ್ ಅವರ ನಿಯಮಕ್ಕೂ ಅದರಿಂದ ಬಲವಾದ ಸಮರ್ಥನೆ ಸಿಕ್ಕಿತು.

ಹಿಂಗೋಲಿಯ ಕಿವಿ

ಬೀದರ್ ಜಿಲ್ಲೆಗೆ ತಾಗಿದ ನಾಂದೇಡ್ ಜಿಲ್ಲೆಯನ್ನು ದಾಟಿದರೆ ಹಿಂಗೋಲಿ. ಅಲ್ಲಿನ ಔಂಢಾ ಬಳಿ ಲೈಗೊ-ಇಂಡಿಯಾ ನೆಲೆಗೊಳ್ಳಲಿದೆ. 2016ರ ಫೆಬ್ರುವರಿಯಲ್ಲಿ, ಮೊದಲ ಶೋಧ ಪ್ರಕಟವಾದ ಕೆಲವೇ ದಿನಗಳಲ್ಲಿ, ಕೇಂದ್ರ ಸಂಪುಟ ಇದಕ್ಕೆ ತಾತ್ವಿಕ ಒಪ್ಪಿಗೆ ನೀಡಿತು. ಸುಮಾರು 2,600 ಕೋಟಿ ರೂಪಾಯಿಯ ಪೂರ್ಣ ಮಂಜೂರಾತಿಗೆ 2023ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಯಂತ್ರದ ಮುಖ್ಯ ಭಾಗಗಳನ್ನು ಅಮೆರಿಕ ಒದಗಿಸಲಿದೆ. ನೆಲ, ಕಟ್ಟಡ ಮತ್ತು 4 ಕಿಲೋಮೀಟರ್‌ಗಳ ನಿರ್ವಾತ ಕೊಳವೆಗಳು ಭಾರತದ ಹೊಣೆ. ಅಮೆರಿಕ, ಇಟಲಿ, ಜಪಾನ್‌ಗಳಿಂದ ದೂರವಿರುವ ಈ ನೆಲೆಯೇ ಅದರ ದೊಡ್ಡ ಗುಣ. ಹಿಂಗೋಲಿ ಸೇರಿಕೊಂಡರೆ ಆಕಾಶದ ಹಲವು ಭಾಗಗಳಲ್ಲಿ ಮೂಲದ ಹರಹು ಬಹಳಷ್ಟು ಕಿರಿದಾಗುತ್ತದೆ. ಒಂದು ಕೇಂದ್ರ ದುರಸ್ತಿಗೆಂದು ನಿಂತರೂ ಉಳಿದವು ದಿಕ್ಕು ಹೇಳಬಲ್ಲವು.

ದಿಕ್ಕು ತಿಳಿದೊಡನೆ ನೋಡುವ ಕಣ್ಣುಗಳೂ ಬೇಕು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ಮುಂಬೈ ಐಐಟಿ ಜೊತೆಗೂಡಿ ನಡೆಸುವ 0.7 ಮೀಟರ್ ವ್ಯಾಸದ ದೂರದರ್ಶಕವು, ಹಠಾತ್ತನೆ ಬೆಳಗಿ ಮಾಯವಾಗುವ ಕಾಯಗಳನ್ನು 2018ರಿಂದ ಬೆನ್ನಟ್ಟುತ್ತಿದೆ. ಅಮೆರಿಕ ಖಂಡಗಳಲ್ಲಿ ಹಗಲಿದ್ದಾಗ ಹಾನ್ಲೆಯಲ್ಲಿ ಇರುಳು.

ಹೊಸ ಕಿವಿಗೆ ನೆಲ ಸಿದ್ಧವಾಗುತ್ತಿರುವಾಗಲೇ ಹಳೆಯದಕ್ಕೆ ಕುತ್ತು ಎದುರಾದದ್ದೂ ಗಮನಾರ್ಹ. 2025ರಲ್ಲಿ ಅಮೆರಿಕ ಸರ್ಕಾರ ಮಂಡಿಸಿದ ಮುಂದಿನ ಸಾಲಿನ ಆಯವ್ಯಯ ಪ್ರಸ್ತಾವದಲ್ಲಿ ಲೈಗೊದ ಅನುದಾನ ಕಡಿತಗೊಳಿಸಿ ಎರಡು ಕೇಂದ್ರಗಳಲ್ಲಿ ಒಂದನ್ನು ಮಾತ್ರ ನಡೆಸುವ ಮಾತಿತ್ತು. ವಿಜ್ಞಾನಿಗಳು ಅದನ್ನು ಬಲವಾಗಿ ವಿರೋಧಿಸಿದರು. ಒಂದನ್ನು ಮುಚ್ಚಿದರೆ ಅರ್ಧ ವೆಚ್ಚ ಉಳಿದೀತೆಂಬ ಲೆಕ್ಕ ಮೇಲ್ನೋಟಕ್ಕೆ ಸರಿಯೆನಿಸಬಹುದು. ಒಂದೇ ಕಿವಿ ತೆರೆದಿದ್ದ 2019ರ ಏಪ್ರಿಲ್ 25ರಂದು ಕಳೆದುಹೋದದ್ದೇನೆಂದು ಬಲ್ಲವರು ಆ ಲೆಕ್ಕವನ್ನು ಒಪ್ಪಲಾರರು.